ಕಪ್ಪಿ ಗಾಡಿಯ ಎಣ್ಣಿ ಕೂಲರ್

ಗಜೇಂದ್ರಗಡ
ತಾ. 8-9-2006, ಶುಕ್ರವಾರ

ಪ್ರೀತಿಯ ಮಗ ಆಶಿಕನಿಗೆ,

ನಿನ್ನ ಅಪ್ಪ ಯಮನೂರಸಾಬನ ಸಲಾಂ, ಮನಸಾರೆ ದುವಾ. ಮಸ್ಕತ್ತಿನಲ್ಲಿ ನಿನ್ನ ಕೆಮ್ಮು ಈಗ ಹೇಗಿದೆ, ಅದನ್ನು ಮೊದಲು ಬರೆ. ಹೋದ ಸಲ ಫೋನಿನಲ್ಲಿ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ಅಂದಿನಿಂದ ನಿನ್ನ ತಾಯಿ ಮುಮತಾಜಬಿ "ಮಗಾ ಸೊರಗ್ಯಾನ, ಮಗಾ ಸೊರಗ್ಯಾನ" ಎಂದು ಒಂದೇ ರಾಗ ಹಿಡಿದಿದ್ದಾಳೆ. ಕೆಮ್ಮು ಕೇಳಿ ಮೈತೂಕ ಹೇಳುವ ವಿದ್ಯೆಯನ್ನು ಅವಳಿಗೆ ಯಾವ ಹಕೀಮರು ಕಲಿಸಿದರೋ ಕಾಣೆ. ಅರಿಷಿಣ ಹಾಕಿ ಹಾಲು ಕುಡಿ, ಎಸಿ ಗಾಳಿಗೆ ಮುಖ ಕೊಟ್ಟು ಮಲಗಬೇಡ. ಇಲ್ಲಿ ನಾವೆಲ್ಲ ಕ್ಷೇಮ. ನನ್ನ ಸಕ್ಕರೆ ಕಾಯಿಲೆಯ ಗುಳಿಗೆ ಒಂದು ದಿನವೂ ತಪ್ಪಿಲ್ಲ, ನಿನ್ನ ಹೆಂಡತಿ ಮುಬೀನಾ ತಪ್ಪಲು ಬಿಟ್ಟರೆ ತಾನೆ? ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಇರುವೆಗೆ ಗೊತ್ತು, ನನಗೆ ಗೊತ್ತಿಲ್ಲ. ಬಲ ಅಂಗೈಯಲ್ಲಿ ಒಂದು ಸುಟ್ಟ ಗಾಯವಾಗಿತ್ತು, ಈಗ ಮಾಯ್ದಿದೆ. ನಿನ್ನ ತಾಯಿ ಅದನ್ನು ಫೋನಿನಲ್ಲಿ ಕಡ್ಡಿಯನ್ನು ಗುಡ್ಡ ಮಾಡಿ ಹೇಳಿದರೆ ಗಾಬರಿಯಾಗಬೇಡ. ಬಿಸಿ ಚಹಾ ಚೆಲ್ಲಿದ್ದು, ಅಷ್ಟೇ.

ನಿನ್ನ ಪತ್ರ ಮುಟ್ಟಿ ಮೂರು ವಾರವಾಯಿತು. ಗ್ಯಾರೇಜಿನ ಜಾಗವನ್ನು ಮೊಬೈಲ್ ಅಂಗಡಿಗೆ ಬಾಡಿಗೆ ಕೊಡುವ ಮಾತಿಗೆ ರಮಜಾನ್ ಹಿಡಿಯುವುದರೊಳಗೆ ಉತ್ತರ ಬೇಕೆಂದಿದ್ದೀ. "ಅಪ್ಪಾ, ನಿಮ್ಮ ಕೈ ಇರೂತನಾ ಗ್ಯಾರೇಜ್ ಇರಲಿ. ಕೈ ಸೋತ ಮ್ಯಾಲೆ ಹಟಾ ಬ್ಯಾಡ" ಎಂದು ಬರೆದ ಸಾಲನ್ನು ನಾಲ್ಕು ಸಲ ಓದಿದೆ. ತಪ್ಪೇನೂ ಬರೆದಿಲ್ಲ ನೀನು. ಅರವತ್ತಾರು ತುಂಬಿದವನ ಕೈ ನಂಬಿ ಎಷ್ಟು ದಿನ ಅಂಗಡಿ ತೆರೆದಿರುತ್ತದೆ? ನಿನ್ನ ಮಗಳು ನಾಜಮೀನ ಗದಗಿನಲ್ಲಿ ಡಿಪ್ಲೊಮಾ ಮುಗಿಸಿ ಬಂದು ಜೂನಿನಿಂದ ನನ್ನ ಜೊತೆ ಗ್ರೀಸು ಮೆತ್ತಿಕೊಳ್ಳುತ್ತಿದ್ದಾಳೆ ಎಂಬುದು ನಿನಗೆ ಗೊತ್ತು. ಅವಳು ಸುಮ್ಮನೆ ಹೊತ್ತು ಕಳೆಯುತ್ತಿದ್ದಾಳೆ ಎಂದು ನೀನು ತಿಳಿದಿದ್ದೀ. ನಾನೂ ಹಾಗೇ ತಿಳಿದಿದ್ದೆ. ಉತ್ತರ ಕೊಡುತ್ತೇನೆ, ಆದರೆ ಮೊದಲು ಈ ಸುದ್ದಿ ಓದು. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಕಟ್ಟಾಗುವಷ್ಟು ಉದ್ದವಿದೆ. ಮುಲ್ಕಿ ಪರೀಕ್ಷೆ ಪಾಸಾದವನು ನಾನು, ಬರೆಯಲು ಬೇಸರವಿಲ್ಲ.

ಗುಡ್ಡದ ಮೇಲೆ ಗಾಳಿಯಂತ್ರಗಳು ನಿಂತದ್ದನ್ನು ಹೋದ ರಜೆಯಲ್ಲಿ ನೋಡಿದ್ದೀ. ಆ ಕಂಪನಿಯ ಸೈಟ್ ಎಂಜಿನಿಯರ್ ವೇದವ್ಯಾಸ ಎಂಬುವರು ಒಂದು ಹೊಸ ನಮೂನೆಯ ಗಾಡಿ ತರಿಸಿದರು. ಬೈಕಿನ ಹ್ಯಾಂಡಲ್ಲು, ಬೈಕಿನ ಸೀಟು, ಕೆಳಗೆ ಮಾತ್ರ ದಪ್ಪ ದಪ್ಪ ನಾಲ್ಕು ಗಾಲಿ. ಅವರು ಅದನ್ನು ಎಟಿವಿ ಎನ್ನುತ್ತಾರೆ. ಅದರ ರಿಪೇರಿ ನಮ್ಮ ಗ್ಯಾರೇಜಿಗೆ ಬಂತು ಎಂದು ಮನೆಯಲ್ಲಿ ಹೇಳಿದರೆ ನಿನ್ನ ತಾಯಿ, "ಇಂಜಿನ್ ಬಿಟ್ಟು ಟಿವಿ ರಿಪೇರಿನೂ ಶುರು ಮಾಡೀರೇನು? ಹಂಗಾದ್ರ ಮೊದಲ ನಮ್ಮನೀದು ನೋಡ್ರಿ, ಒಂದ್ ತಿಂಗಳಾತು ಬರೇ ದನಿ ಬರ್ತೈತಿ, ಚಿತ್ರಾ ಬರವಲ್ದು" ಎಂದಳು. ಊರಿನವರಿಗೆ ಎಟಿವಿಯೂ ಬೇಡ, ಗಿಟಿವಿಯೂ ಬೇಡ. ಕಪ್ಪೆಯಂತೆ ಕೂತ ಭಂಗಿ ನೋಡಿ ಕಪ್ಪಿ ಗಾಡಿ ಎಂದರು, ಅದೇ ಹೆಸರು ನಿಂತಿತು. ಅದನ್ನು ಓಡಿಸುವವನು ಲಕ್ಕಲಕಟ್ಟಿಯ ಗೋಣೆಪ್ಪ. ಬೋಲ್ಟು, ಗ್ರೀಸು, ಹಗ್ಗ ಹೇರಿಕೊಂಡು ದಿನಕ್ಕೆ ನಾಲ್ಕಾರು ಸಲ ಗುಡ್ಡ ಹತ್ತಿಳಿಯುತ್ತಾನೆ.

ಗಾಡಿಯ ಕಷ್ಟ ಏನೆಂದರೆ, ಅದರ ಎಂಜಿನ್ನಿಗೆ ನೀರಿನ ರೇಡಿಯೇಟರ್ ಇಲ್ಲ. ಓಡುವಾಗ ಬೀಸುವ ಗಾಳಿ, ಹೊಟ್ಟೆಯೊಳಗಿನ ಎರಡು ಲೀಟರ್ ಆಯಿಲ್ಲು, ತಣ್ಣಗಾಗಲು ಅದಕ್ಕೆ ಇರುವುದು ಇವೆರಡೇ. ಗುಡ್ಡ ಹತ್ತುವಾಗ ಮೊದಲನೇ ಗೇರಿನಲ್ಲಿ ಬಸುರಿ ಹೆಂಗಸಿನಂತೆ ನಿಧಾನ ನಡೆಯುತ್ತದೆ, ಗಾಳಿ ತಾಗುವುದೆಲ್ಲಿ? ಅದರ ಮೇಲೆ ಮಳೆಗಾಲದ ಪಡುವಣ ಗಾಳಿ ಬೆನ್ನ ಹಿಂದಿನಿಂದ ಬರುತ್ತದೆ. ಗಾಡಿಯೂ ಗಾಳಿಯೂ ಜೋಡಿಯಾಗಿ ಒಂದೇ ಕಡೆ ಹೊರಟರೆ ಎಂಜಿನ್ನಿಗೆ ಒಂದು ಎಳೆ ಗಾಳಿಯೂ ದಕ್ಕದು. ಇದನ್ನು ಮೊದಲು ಕಂಡುಹಿಡಿದವನು ನಾನು, ಬರೆದಿಟ್ಟುಕೋ. ಮುಂದೆ ಬರುವುದೆಲ್ಲ ನಿನ್ನ ಮಗಳ ಹೊಗಳಿಕೆಯೇ. ಆಷಾಢದಲ್ಲಿ ಒಂದು ದಿನ ಅರ್ಧ ಗುಡ್ಡದಲ್ಲಿ ಎಂಜಿನ್ ಕಚ್ಚಿಕೊಂಡು ನಿಂತೇಬಿಟ್ಟಿತು. ಪಿಸ್ಟನ್ನು, ರಿಂಗು ಹೊಸದು ಹಾಕಿ ಎಬ್ಬಿಸಿದೆವು. ಆಗ ವೇದವ್ಯಾಸರು, "ಯಮನೂರಸಾಬ್ರ, ಹೊರಗಿಂದ ಹಾಕೂ ಆಯಿಲ್ ಕೂಲರ್ ಸಿಗ್ತಾವಂತ. ಯಾವುದು ಹಾಕಬೇಕು, ನೀವ ಆರಿಸ್ರಿ. ಇದು ತಡೀತಂದ್ರ ಕಂಪನೀವು ಇನ್ನೂ ಮೂರು ಗಾಡಿ ಬರಾವು, ಎಲ್ಲಾ ನಿಮ್ಮಲ್ಲೇ. ಮತ್ತೊಮ್ಮೆ ನಿಂತ್ರ ಎಲ್ಲಾ ಹುಬ್ಬಳ್ಳಿಗೆ ಕಳಸ್ತೀನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ" ಎಂದರು. ನಿನ್ನ ಪತ್ರ ಬರುವ ಮುಂಚೆಯೇ ಗ್ಯಾರೇಜಿನ ಹಣೆಬರಹ ಆ ಕಪ್ಪಿಯ ಬೆನ್ನೇರಿ ಕೂತಿತ್ತು ನೋಡು.

ಎದುರಿನ ಚಹಾದಂಗಡಿಯ ಉಸ್ಮಾನಸಾಬನಿಗೆ ಕೂಲರ್ ಎಂದರೇನೆಂದು ಬಿಡಿಸಿ ಹೇಳುವ ದುರ್ಬುದ್ಧಿ ನನಗೇಕೆ ಬಂತೋ. ಎಂಜಿನ್ನಿನ ಎಣ್ಣೆಯನ್ನು ಪೈಪಿನಲ್ಲಿ ಹೊರಗೆ ತಂದು, ತಗಡಿನ ಎಸಳುಗಳಿರುವ ಪೆಟ್ಟಿಗೆಯಲ್ಲಿ ಹಾಯಿಸಿ, ಗಾಳಿಗೆ ತಣ್ಣಗೆ ಮಾಡಿ ಮತ್ತೆ ಒಳಗೆ ಕಳಿಸುವುದು ಎಂದೆ. ಅವನು ಕೇಳಿಸಿಕೊಂಡದ್ದು ಎಣ್ಣಿ, ತಣ್ಣಗ, ಪೆಟ್ಟಿಗಿ, ಈ ಮೂರೇ ಮಾತು. ಸಂಜೆಯ ಹೊತ್ತಿಗೆ ಓಣಿಯೆಲ್ಲ, "ಯಮನೂರಸಾಬ ಎಣ್ಣಿ ತಣ್ಣಗ ಮಾಡೂ ಪೆಟ್ಟಿಗಿ ತರಸಾಕತ್ತಾನಂತ. ಈ ವಯಸ್ಸಿನಾಗ ಎಣ್ಣಿ, ಅದೂ ಥಂಡಾನ ಬೇಕಂತ!" ಎಂದು ಗುಲ್ಲು. ಐದು ಹೊತ್ತು ನಮಾಜಿನವನಿಗೆ ಈ ಬಿರುದು. ನಿನ್ನ ತಾಯಿ ಎರಡು ದಿನ ನನ್ನ ಹತ್ತಿರ ಬಂದಾಗಲೆಲ್ಲ ಮೂಗೇರಿಸಿ ವಾಸನೆ ನೋಡಿದಳು.

ಈಗ ಆರಿಸುವ ಕಥೆ. ಹುಬ್ಬಳ್ಳಿಯ ಬಿಡಿಭಾಗದ ಅಂಗಡಿಯಲ್ಲಿ ನಮಗೆ ಹೊಂದುವಂಥವು ಮೂರಿದ್ದವು. ದೊಡ್ಡದು ಜೀಪಿನ ಅಳತೆಯದು, ನಡುವಿನದು, ಸಣ್ಣದು. ನಾಜಮೀನ ಹೊರಡುವ ಮುಂಚೆಯೇ ಹೇಳಿದ್ದಳು: "ಅಜ್ಜಾ, ದೊಡ್ಡದು ಬ್ಯಾಡ. ಈ ಇಂಜಿನ್ನಿನ ಪಂಪು ಸಣ್ಣದೈತಿ, ಅಷ್ಟುದ್ದ ಎಣ್ಣಿ ದಬ್ಬಾಕ ತ್ರಾಸ ಆಗ್ತೈತಿ. ಮ್ಯಾಲೆ, ಎಣ್ಣಿ ಭಾಳ ತಣ್ಣಗಾದ್ರೂ ಕೆಡುಕ. ಆನಿಗೆ ಆನಿ ಭಾರ, ಇರುವಿಗೆ ಇರುವಿ ಭಾರ." ನಾನು, ನಿನ್ನ ಪುಸ್ತಕ ಹುಟ್ಟುವ ಮುಂಚೆ ನಾನು ನೂರು ಎಂಜಿನ್ ಬಿಚ್ಚಿದ್ದೇನೆ ಎಂದು ಬೈದು, ಅವಳನ್ನು ಬಿಟ್ಟು ಗೋಣೆಪ್ಪನ ಜೊತೆ ಹೋಗಿ ದೊಡ್ಡದನ್ನೇ ತಂದೆ. ದೊಡ್ಡ ಕೊಡದಲ್ಲಿ ಹೆಚ್ಚು ನೀರು ಎಂಬ ಲೆಕ್ಕ ನನ್ನದು. ಅಷ್ಟು ದೊಡ್ಡದಕ್ಕೆ ಜಾಗ ಸಿಕ್ಕಿದ್ದು ಮುಂದಿನ ಎರಡು ಗಾಲಿಗಳ ನಡುವೆ, ಕೆಳಗೆ. ಅಲ್ಲೇ ಬಿಗಿದೆ. ಶ್ರಾವಣದ ಮಳೆ, ಲಕ್ಕಲಕಟ್ಟಿ ದಾರಿಯ ಎರೆಮಣ್ಣು, ಉಳಿದದ್ದು ನೀನೇ ಊಹಿಸು. ಮೂರನೆಯ ದಿನ ಗೋಣೆಪ್ಪ ಗಾಡಿಯನ್ನು ಗ್ಯಾರೇಜಿಗೆ ತಂದಾಗ ಕೂಲರಿನ ಎಸಳು ಒಂದೂ ಕಾಣದಂತೆ ಮಣ್ಣು ಮೆತ್ತಿಕೊಂಡಿತ್ತು, ಗೋಡೆಗೆ ಗಾರೆ ಗಿಲಾಯಿ ಮಾಡಿದ ಹಾಗೆ. ವೇದವ್ಯಾಸರೂ ಹಿಂದೆಯೇ ಜೀಪಿನಲ್ಲಿ ಬಂದರು.

ನಮ್ಮ ಗ್ಯಾರೇಜಿನ ಥರ್ಮಾಮೀಟರು ಯಾವುದು ನಿನಗೆ ಗೊತ್ತಲ್ಲ. ನರಗುಂದದ ಹತ್ತಿ ಜಿನ್ನಿನಲ್ಲಿ ನನ್ನ ಉಸ್ತಾದರು ಕಲಿಸಿದ ರೀತಿ: ಎಂಜಿನ್ನಿನ ಹೊಟ್ಟೆಗೆ ಅಂಗೈ ಹಚ್ಚಿ "ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್" ಎಂದು ನಿಧಾನ, ಪೂರ್ತಿ ಹೇಳಬೇಕು. ಮುಗಿಯುವತನಕ ಕೈ ನಿಂತರೆ ಎಂಜಿನ್ ಸುಖವಾಗಿದೆ. ನಡುವೆ ಕೈ ಎಳೆದುಕೊಂಡರೆ ಜ್ವರ ಬಂದಿದೆ, ಬಂದ್ ಮಾಡು. ನೀನು ಹತ್ತು ವರ್ಷದವನಿದ್ದಾಗ ರೈಲು ಬಿಟ್ಟಂತೆ ಗಡಗಡ ಹೇಳಿ ಮುಗಿಸಿ, ಏನೂ ಆಗಿಲ್ಲ ಎಂದು ನನ್ನಿಂದ ಏಟು ತಿಂದಿದ್ದು ನೆನಪಿದೆಯೇ? ದೇವರ ಹೆಸರಿಗೆ ಅವಸರ ಮಾಡಬಾರದು, ಎಂಜಿನ್ನಿಗೂ ಮಾಡಬಾರದು. ಊರೂರಿನ ರೈತರು ಪಂಪ್‌ಸೆಟ್ ತಂದು ನನ್ನ ಮುಂದೆ ಇಟ್ಟು, "ಸಾಬ್ರ, ಒಂದ್ ಸಲ ಕೈ ಹಚ್ಚಿಬಿಡ್ರಿ" ಎನ್ನುವುದು ಇದಕ್ಕೇ. ಅಂದೂ ನಾನು ಕೈ ಹಚ್ಚಿ ಬಿಸ್ಮಿಲ್ಲಾ ಹೇಳಿದೆ. ನನ್ನ ಹಿಂದೆಯೇ ನಾಜಮೀನ ಹಚ್ಚಿದಳು. ಅಜ್ಜನ ಮಾತಿಗೂ ಮೊಮ್ಮಗಳ ಮಾತಿಗೂ ತಾಳೆಯಾಗಲಿಲ್ಲ, ಅದನ್ನು ಇಲ್ಲಿ ಎಳೆಯುವುದಿಲ್ಲ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ವೇದವ್ಯಾಸರ ಕಡೆ ತಿರುಗಿ, "ಸರ್, ಇಂಜಿನ್ ಬಂದ್ ಮಾಡಬೇಕಂತ್ರಿ, ಅಜ್ಜ ಹೇಳಾಕತ್ತಾನ. ಈ ಕೂಲರ್ ತೆಗದು ಬ್ಯಾರೇದು ಹಾಕ್ತಾನಂತ" ಎಂದಳು. ನಾನು ಅಂಥದ್ದೇನೂ ಹೇಳಿರಲಿಲ್ಲ. ಆದರೆ ಬಿಚ್ಚಿ ನೋಡಿದಾಗ ಎಣ್ಣೆ ಸುಟ್ಟು ಕರ್ರಗಾಗಿತ್ತು. ಇನ್ನೊಂದು ಸಲ ಗುಡ್ಡ ಹತ್ತಿದ್ದರೆ ಎಂಜಿನ್ನೂ ಹೋಗುತ್ತಿತ್ತು, ಗ್ಯಾರೇಜಿನ ಹೆಸರೂ ಹೋಗುತ್ತಿತ್ತು.

ಎರಡನೆಯ ಸಲ ಹುಬ್ಬಳ್ಳಿಗೆ ಹೋಗುವಾಗ ಅವಳೇ ಮುಂದೆ, ನಾನು ಹಿಂದೆ. ಬಸ್ಸು ಹತ್ತುವ ಮುಂಚೆ ಅಡಿಗೆಮನೆಗೆ ಹೋಗಿ ಕರವಸ್ತ್ರದ ತುದಿಗೆ ಒಂದು ಹಿಡಿ ಸಜ್ಜೆ ಕಟ್ಟಿಕೊಂಡು ಬಂದಳು. ದಾರಿಯಲ್ಲಿ ತಿನ್ನಲೆಂದು ನಾನು ತಿಳಿದೆ, ಹಸಿ ಸಜ್ಜೆ ಯಾರು ತಿನ್ನುತ್ತಾರೆ ಎಂದು ಬೈದೆ ಕೂಡ. ಅಂಗಡಿಯಲ್ಲಿ ಮೂರೂ ಕೂಲರನ್ನು ಮುಂದಿಟ್ಟುಕೊಂಡು ಗಂಟು ಬಿಚ್ಚಿ, ಎಸಳುಗಳ ಸಂದಿಗೆ ಒಂದೊಂದೇ ಕಾಳು ಬಿಡತೊಡಗಿದಳು. ಅಂಗಡಿಯವನು, "ಯವ್ವಾ, ಇದು ಕಾಳಿನ ಅಂಗಡಿ ಅಲ್ಲವಾ" ಎಂದ. ಇವಳು ತಲೆಯೆತ್ತದೆ, "ಗೊತ್ತೈತ್ರಿ. ನಮ್ಮ ಎರಿ ಮಣ್ಣು ಹೆಂಟಿ ಆದ್ರ ಸಜ್ಜಿಕಾಳಿನಷ್ಟ ಇರ್ತೈತಿ. ಕಾಳು ದಾಟಿದ ಸಂದಿನಾಗ ಮಣ್ಣು ನಿಂದ್ರಂಗಿಲ್ಲ, ನೀರು ಹೊಡದ್ರ ಬಿದ್ದು ಹೊಕ್ಕೈತಿ" ಎಂದಳು. ದೊಡ್ಡದರಲ್ಲಿ ಕಾಳು ಮೇಲೆಯೇ ನಿಂತಿತು. ನಡುವಿನದರ ಎಸಳು ಬಾಚಣಿಗೆಯ ಹಲ್ಲಿಗಿಂತ ಒತ್ತು, ಅದರಲ್ಲೂ ನಿಂತಿತು. ಸಣ್ಣದರಲ್ಲಿ ಕಾಳುಗಳು ಸರಸರ ದಾಟಿ ಆ ಬದಿಯ ಕೌಂಟರಿನ ಗಾಜಿನ ಮೇಲೆ ಟಣಟಣ ಬಿದ್ದವು. ಅಂಗಡಿಯವನು ನಗುವುದನ್ನು ಬಿಟ್ಟು ತಾನೇ ಒಂದು ಕಾಳು ಹಿಡಿದು ಬಿಟ್ಟು ನೋಡಿದ. ಆಶಿಕಾ, ಐವತ್ತು ವರ್ಷದ ಕೆಲಸದಲ್ಲಿ ನನಗೆ ಈ ಉಪಾಯ ಹೊಳೆದಿರಲಿಲ್ಲ. ಹೊಟ್ಟೆಕಿಚ್ಚಾಯಿತು ಎಂದು ಬರೆಯಲು ನಾಚಿಕೆಯಿಲ್ಲ. ಹೊಟ್ಟೆಕಿಚ್ಚಿನ ಹಿಂದೆಯೇ ಕಣ್ಣಲ್ಲಿ ನೀರೂ ಬಂತು.

ಪೈಪು ಜೋಡಿಸುವ ಹಿತ್ತಾಳೆಯ ತುಂಡುಗಳನ್ನು ರೋಣದಲ್ಲಿ ಲೇತ್ ಇಟ್ಟಿರುವ ನಿನ್ನ ಗೆಳೆಯ ಮೈಲಾರಪ್ಪನ ಹತ್ತಿರ ಮಾಡಿಸಿದೆವು. ಮೊದಲ ತುಂಡನ್ನು ನಾಜಮೀನ ಅಳೆದು ನೋಡಿ, "ಕಾಕಾ, ತಿರುಪಿನ ಆಟಿ ಹೊಂದೂದಿಲ್ರಿ, ಎಣ್ಣಿ ಸೋರ್ತೈತಿ" ಎಂದು ಅವನಿಗೇ ವಾಪಸು ಕೊಟ್ಟಳು. ಮೈಲಾರಪ್ಪ ಯಾರ ಮಾತಿಗೂ ಬಗ್ಗುವವನಲ್ಲ, ನಿನಗೆ ಗೊತ್ತು. ತಾನೊಮ್ಮೆ ಅಳೆದ, ಗಡ್ಡ ಕೆರೆದುಕೊಂಡ, ಸುಮ್ಮನೆ ಹೊಸದು ಮಾಡಿಕೊಟ್ಟ. "ಆಶಿಕಗ ಹೇಳ್ರಿ, ಅವನ ಮಗಳು ಅವನಕಿಂತ ಚಲೋ ಅದಾಳ" ಎಂದು ನಿನಗೆ ತಿಳಿಸಲು ಹೇಳಿದ್ದಾನೆ. ತಿಳಿಸಿದ್ದೇನೆ. ಸಣ್ಣ ಕೂಲರನ್ನು ಅವಳು ಕೆಳಗೆ ಕಟ್ಟಲಿಲ್ಲ, ಹ್ಯಾಂಡಲ್ಲಿನ ಮುಂದೆ ಸಾಮಾನು ಇಡುವ ಕಂಬಿಗೆ ಎತ್ತರದಲ್ಲಿ ಕಟ್ಟಿದಳು, ಗಾಲಿ ಎರಚುವ ಮಣ್ಣು ಅಲ್ಲಿಗೆ ಏರದು. ಬೆನ್ನಿನ ಗಾಳಿಯ ಮಾತನ್ನು ನಾನು ನೆನಪಿಸಿದಾಗ, "ಇದು ನನಗ ಹೊಳೀತಿರಲಿಲ್ಲ ಅಜ್ಜಾ" ಎಂದು ಹಳೆಯ ಕಾರಿನ ಒಂದು ಸಣ್ಣ ಫ್ಯಾನು ಹುಡುಕಿ ಕೂಲರಿನ ಹಿಂದೆ ಕೂರಿಸಿದಳು. ಗೋಣೆಪ್ಪನಿಗೆ ಮೀಟರು, ಮುಳ್ಳು ಎಂದರೆ ಗಲಿಬಿಲಿ. ಅವನಿಗೆ, "ಬೇವಿನ ಗಿಡ ದಾಟಿ ಏರು ಹತ್ತೂದಂದ್ರ ಸ್ವಿಚ್ ಹಾಕು, ಇಳಿದು ಬಂದು ಬೇವಿನ ಗಿಡ ಕಂಡ್ರ ತಗಿ" ಎಂದಳು. ಅವನು ಈಗ ಬೇವಿನ ಗಿಡಕ್ಕೆ ಸಲಾಂ ಮಾಡಿಯೇ ಮುಂದೆ ಹೋಗುತ್ತಾನಂತೆ.

ಮೊನ್ನೆ ಬುಧವಾರ ಪರೀಕ್ಷೆ. ನಾಲ್ಕು ಚೀಲ ಉಸುಕು ಹೇರಿ, ಬೆನ್ನಿಗೆ ಗಾಳಿ ಇರುವ ಹೊತ್ತೇ ನೋಡಿ, ಗೋಣೆಪ್ಪ ಮೂರು ಸಲ ಎಡೆಬಿಡದೆ ಗುಡ್ಡ ಹತ್ತಿಳಿದ. ಮೂರನೆಯ ಸಲ ಮೇಲೆ ಬಂದು ನಿಂತಾಗ ನಾವೆಲ್ಲ ಗಾಳಿಯಂತ್ರದ ಬುಡದಲ್ಲಿದ್ದೆವು. ವೇದವ್ಯಾಸರ ಕೈಯಲ್ಲಿ ಬಿಸಿ ಅಳೆಯುವ ಯಂತ್ರವಿತ್ತು. ಅವರು ಅದನ್ನು ಕೆಳಗಿಳಿಸಿ, "ಮೊದಲ ಯಮನೂರಸಾಬ್ರ ಕೈ ಏನ್ ಹೇಳ್ತೈತಿ ನೋಡೂನು, ಆಮ್ಯಾಲೆ ಇದು" ಎಂದರು. ದೊಡ್ಡ ಮರ್ಯಾದೆ ಅದು. ನನಗೆ ಮಾತ್ರ ಕಾಲು ಕಿತ್ತಿಡಲು ಆಗಲಿಲ್ಲ. ಆಗ ನಾಜಮೀನ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದು, "ಅಜ್ಜಾ, ನೀ ಹೇಳು, ನಾ ಹಿಡೀತೀನಿ" ಎಂದಳು. ಎಂಜಿನ್ನಿಗೆ ಅವಳ ಅಂಗೈ, ಬಿಸ್ಮಿಲ್ಲಾಕ್ಕೆ ನನ್ನ ಬಾಯಿ. ಎಂದೂ ಹೇಳದಷ್ಟು ನಿಧಾನ ಹೇಳಿದೆ. ಹೇಳುತ್ತ ಅವಳ ಮುಖ ನೋಡುತ್ತಿದ್ದೆ, ಎಲ್ಲಿ ಕೈ ಎಳೆದುಕೊಳ್ಳುತ್ತಾಳೋ ಎಂದು. ಎಳೆಯಲಿಲ್ಲ. ಕೊನೆಯ ಅಕ್ಷರ ಮುಗಿದ ಮೇಲೂ ಹಾಗೇ ಇಟ್ಟು, "ಇನ್ನೊಮ್ಮೆ ಹೇಳ್ತೀಯೇನು?" ಎಂದು ನಕ್ಕಳು. ವೇದವ್ಯಾಸರು ಯಂತ್ರ ಹಚ್ಚಿ ನೋಡಿ ತಲೆ ಆಡಿಸಿದರು. ಮೂರೂ ಗಾಡಿಗಳು ಬರುವ ಸೋಮವಾರ ನಮ್ಮಲ್ಲಿಗೆ ಬರುತ್ತವೆ, ಮೂರಕ್ಕೂ ಇದೇ ಸಣ್ಣ ಕೂಲರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀನು ನಗುತ್ತೀ, ನಗು. ನನ್ನ ಎದೆ ಅಂದು ಎಷ್ಟು ಉಬ್ಬಿತ್ತೆಂದರೆ ಗುಡ್ಡ ಇಳಿಯುವಾಗ ಮೊಣಕಾಲು ನೋವು ನೆನಪಿಗೇ ಬರಲಿಲ್ಲ. ಉಸ್ಮಾನಸಾಬನ ಅಂಗಡಿಯಲ್ಲಿ ಅಷ್ಟೂ ಜನಕ್ಕೆ ಚಹಾ ಹೇಳಿದೆ, ನನ್ನದಕ್ಕೆ ಸಕ್ಕರೆ ಹಾಕಿಸಿಕೊಂಡೆ. ಮುಬೀನಾಳಿಗೆ ತಿಳಿಸಬೇಡ.

ಊರಲ್ಲಿ ಮಳೆ ಚೆನ್ನಾಗಿದೆ. ನಿನ್ನ ತಾಯಿ ನಿನಗೆಂದು ಶೇಂಗಾ ಹೋಳಿಗೆ ಮಾಡಿ ಕಳಿಸುತ್ತೇನೆಂದು ಕೂತಿದ್ದಾಳೆ. ಮಸ್ಕತ್ತಿಗೆ ಹೋಗುವವರು ಯಾರಾದರೂ ಇದ್ದರೆ ತಿಳಿಸು. ಮುಬೀನಾ ಸಲಾಂ ಹೇಳಿದ್ದಾಳೆ, ಉಳಿದದ್ದನ್ನು ಫೋನಿನಲ್ಲಿ ತಾನೇ ಹೇಳುತ್ತಾಳಂತೆ. ನಿನ್ನ ಮಗಳು ಈ ಪತ್ರ ಬರೆಯುವುದನ್ನು ಬಾಗಿಲಲ್ಲಿ ನಿಂತು ನೋಡಿ, "ಭಾಳ ಉಬ್ಬಿಸಿ ಬರೀಬ್ಯಾಡ" ಎಂದು ಹೋದಳು. ಅಲ್ಲಾಹ ನಿನ್ನ ದುಡಿಮೆಯಲ್ಲಿ ಬರಕತ್ ಕೊಡಲಿ, ಕೆಮ್ಮು ಕಳೆಯಲಿ, ಈದಿಗೆ ಮನೆಯವರೆಲ್ಲ ಊಟಕ್ಕೆ ಒಂದೇ ದಸ್ತರ್‌ಖಾನದ ಮುಂದೆ ಕೂಡುವಂತೆ ಮಾಡಲಿ.

ನಿನ್ನ ಅಪ್ಪ,
ಯಮನೂರಸಾಬ

ತಾ.ಕ.: ಅಂಚೆಯವನು ಹೊರಡುವ ಹೊತ್ತು, ಅವಸರದಲ್ಲಿ ಬರೆಯುತ್ತಿದ್ದೇನೆ. ಅಂಗೈ ಸುಟ್ಟದ್ದು ಚಹಾದಿಂದಲ್ಲ. ಮಣ್ಣು ಮೆತ್ತಿದ ದಿನ ನಾನು ಬಿಸ್ಮಿಲ್ಲಾ ಪೂರ್ತಿ ಹೇಳಿ, ಏನೂ ಆಗಿಲ್ಲ, ಗಾಡಿ ಹೊಡಿ ಎಂದೆ. ನಾಜಮೀನ ಕೈಯಿಟ್ಟವಳು "ಬಿಸ್" ಎನ್ನುವಷ್ಟರಲ್ಲಿ ಎಳೆದುಕೊಂಡಳು. ಒಂದು ತಾಸಿನ ಮೇಲೆ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದದ್ದನ್ನು ಕಂಡು ಮುಲಾಮು ಹಚ್ಚಿದವಳೂ, ಚಹಾ ಎಂದು ನಿನ್ನ ತಾಯಿಗೆ ಹೇಳಿದವಳೂ ಅವಳೇ. ಸಕ್ಕರೆ ಕಾಯಿಲೆಯಿಂದ ಮೊದಲು ಪಾದ, ಆಮೇಲೆ ಅಂಗೈ ಜೋಮು ಹಿಡಿಯಿತು. ಬಿಸಿ ತಿಳಿಯದೆ ಒಂದು ವರ್ಷವಾಯಿತು, ಯಾರಿಗೂ ಹೇಳಲಿಲ್ಲ. ಆಷಾಢದಲ್ಲಿ ಎಂಜಿನ್ ಕಚ್ಚಿಕೊಂಡದ್ದೂ ನನ್ನ ಕೈಯ ಮಾತು ನಂಬಿ ಗೋಣೆಪ್ಪ ಗುಡ್ಡ ಹತ್ತಿದ್ದರಿಂದಲೇ. ನಿನ್ನೆ ಹೋಗಿ ವೇದವ್ಯಾಸರಿಗೆ ಎಲ್ಲವನ್ನೂ ಹೇಳಿಬಂದೆ. ಅವರು, "ಇನ್ನ ಮ್ಯಾಲೆ ಕೈ ಯಾರದ್ರಿ?" ಎಂದರು. ನಮ್ಮ ನಾಜಮೀನಂದು ಎಂದೆ. "ಹಂಗಾದ್ರ ಸೋಮವಾರ ಗಾಡಿ ಕಳಸ್ತೀನಿ" ಎಂದರು. ಕೈ ಇರುವತನಕ ಗ್ಯಾರೇಜು ಎಂದು ನೀನೇ ಬರೆದಿದ್ದೀ. ನನ್ನ ಕೈ ಹೋಗಿದೆ, ಗ್ಯಾರೇಜಿನ ಕೈ ಇದೆ. ಮೊಬೈಲ್ ಅಂಗಡಿಯವನಿಗೆ ಬೇರೆ ಜಾಗ ನೋಡಿಕೋ ಎಂದು ಹೇಳಿಬಿಟ್ಟಿದ್ದೇನೆ. ಬೀಗದ ಕೈ ಅವಳ ಸೊಂಟದಲ್ಲಿದೆ. ಬಿಸ್ಮಿಲ್ಲಾ ಹೇಳುವ ಕೆಲಸ ಮಾತ್ರ ಇನ್ನೂ ನನ್ನದೇ.